ಕೆಂಪು ಇಳಿಸುವ ಟ್ಯೂಬು

ಮೇ ತಿಂಗಳು ಬಂತೆಂದರೆ ಅಹಮದಾಬಾದಿನ ರಸ್ತೆಗಳಲ್ಲಿ ಹೆಂಗಸರ ಮುಖ ಕಾಣುವುದೇ ಅಪರೂಪ. ಸ್ಕೂಟರಿನ ಮೇಲೆ ಕೂತವರ ತಲೆ, ಕಿವಿ, ಕೆನ್ನೆ, ಮೂಗು ಎಲ್ಲವನ್ನೂ ಒಂದು ಹತ್ತಿಯ ದುಪಟ್ಟಾ ಸುತ್ತಿಕೊಂಡಿರುತ್ತದೆ. ಹೊರಗೆ ಉಳಿಯುವುದು ಎರಡು ಕಣ್ಣು ಮಾತ್ರ, ಅವಕ್ಕೂ ಕಪ್ಪು ಕನ್ನಡಕ. ಗುಜರಾತಿಯಲ್ಲಿ ಇದಕ್ಕೆ ‘ಬುಕಾನಿ’ ಎಂದು ಹೆಸರು. 2016ರ ಮೇ 20ರಂದು ಈ ಊರಿನ ಉಷ್ಣತೆ 48 ಡಿಗ್ರಿ ಮುಟ್ಟಿತ್ತು. ಅಂಥ ಬಿಸಿಲಿಗೆ ಬುಕಾನಿಗಿಂತ ಒಳ್ಳೆಯ ಸನ್‌ಸ್ಕ್ರೀನ್ ಇಲ್ಲ, ಖರ್ಚೂ ಇಲ್ಲ. ಆದರೆ ಬಟ್ಟೆಯ ಒಳಗೆ ಬೆವರು, ಧೂಳು, ಎಣ್ಣೆಯ ಜಿಡ್ಡು ಒಟ್ಟಾಗಿ ಬೇಯುತ್ತವೆ. ಮನೆಗೆ ಬಂದು ಬುಕಾನಿ ಬಿಚ್ಚಿ ಕನ್ನಡಿ ನೋಡಿಕೊಂಡರೆ ಸಾಮಾನ್ಯವಾಗಿ ಮೂರು ದೂರು: ಕೆನ್ನೆ ಕೆಂಪಾಗಿದೆ, ಗಲ್ಲದ ಹತ್ತಿರ ಮೊಡವೆ ಎದ್ದಿದೆ, ಚರ್ಮ ಒರಟಾಗಿದೆ.

ಮುಂದಿನ ಹೆಜ್ಜೆ ಬೀದಿ ತಿರುವಿನ ಮೆಡಿಕಲ್ ಸ್ಟೋರು. ಅಲ್ಲಿ ಕೇಳುವ ಮಾತು ಅಹಮದಾಬಾದಿನಲ್ಲೂ ಅದೇ, ಸೂರತ್ತಿನಲ್ಲೂ ಅದೇ, ಹುಬ್ಬಳ್ಳಿಯಲ್ಲೂ ಅದೇ: ಯಾವುದಾದರೂ ಒಂದು ಟ್ಯೂಬ್ ಕೊಡಿ. ಟ್ಯೂಬ್ ಎನ್ನುವುದು ವಿಚಿತ್ರ ಪದ. ಅದು ಡಬ್ಬಿಯ ಹೆಸರು, ಒಳಗಿನ ಸರಕಿನ ಹೆಸರಲ್ಲ. ಹಲ್ಲುಜ್ಜುವ ಪೇಸ್ಟಿಗೂ ಅದೇ, ಸೈಕಲ್ ಚಕ್ರಕ್ಕೂ ಅದೇ, ಮುಖಕ್ಕೂ ಅದೇ. ಒಳಗೇನಿದೆ ಎಂದು ಕೇಳದೆ ಕೊಳ್ಳಲು ಇದಕ್ಕಿಂತ ಅನುಕೂಲದ ಮಾತು ಸಿಗಲಾರದು.

ಮೂರೂ ದೂರನ್ನು ಒಂದೇ ವಾರದಲ್ಲಿ ತೀರಿಸಿಬಿಡುವ ಒಂದು ಬಗೆಯ ಟ್ಯೂಬು ಅಂಗಡಿಯ ಕಪಾಟಿನಲ್ಲಿ ಇದ್ದೇ ಇರುತ್ತದೆ. ಹಚ್ಚಿದ ಮರುದಿನವೇ ಕೆಂಪು ಇಳಿಯುತ್ತದೆ, ಮೂರು ದಿನಕ್ಕೆ ಮೊಡವೆ ಕುಗ್ಗುತ್ತದೆ, ವಾರಕ್ಕೆ ಕೆನ್ನೆ ನುಣುಪಾಗುತ್ತದೆ, ಜೊತೆಗೆ ಒಂದಿಷ್ಟು ಬೆಳ್ಳಗೂ ಆಗುತ್ತದೆ. ಈ ಟ್ಯೂಬು ಇಲ್ಲಿಗೆ ಬಂದ ದಾರಿ ಉದ್ದವಾದದ್ದು. ಅಮೆರಿಕದ ಪ್ರಯೋಗಾಲಯಗಳಿಂದ ಶುರುವಾಗುವ ಆ ದಾರಿಯ ಕೆಲವು ಮುಖ್ಯ ತಿರುವುಗಳು ಸೂರತ್, ವಡೋದರಾ, ಅಹಮದಾಬಾದುಗಳಲ್ಲೇ ಇವೆ.

ಟ್ಯೂಬಿಗೆ ಮೊದಲು ಏನಿತ್ತು ಎಂಬುದನ್ನು ಪದಗಳೇ ಒಂದಿಷ್ಟು ಹೇಳುತ್ತವೆ. ಗುಜರಾತಿಯಲ್ಲಿ ಮೊಡವೆಗೆ ‘ಖೀಲ್’. ಅದೇ ಭಾಷೆಯಲ್ಲಿ ಖೀಲೊ ಎಂದರೆ ಗೂಟ, ಖೀಲಿ ಎಂದರೆ ಮೊಳೆ. ಹಿಂದಿಯ ‘ಕೀಲ್ ಮುಹಾಸೆ’ಯಲ್ಲಿರುವುದೂ ಇದೇ ಮೊಳೆ. ಮುಖಕ್ಕೆ ಯಾರೋ ಮೊಳೆ ಹೊಡೆದಂತೆ ಎನ್ನುವ ಈ ಚಿತ್ರ ಹೊಸದಲ್ಲ. ಹರೆಯದವರ ಮುಖದಲ್ಲಿ ಏಳುವ ಗುಳ್ಳೆಗಳನ್ನು ಸುಶ್ರುತ ಸಂಹಿತೆ ಬೂರುಗದ ಮರದ ಮುಳ್ಳಿಗೆ ಹೋಲಿಸುತ್ತದೆ. ಬೂರುಗದ ಕಾಂಡದ ಮೇಲಿನ ದಪ್ಪ ಬುಡದ, ಚೂಪು ತುದಿಯ ಮುಳ್ಳನ್ನು ಕಂಡವರಿಗೆ ಆ ಹೋಲಿಕೆ ಎಷ್ಟು ಸರಿ ಎಂದು ಗೊತ್ತಾಗುತ್ತದೆ. ಅದಕ್ಕೆ ಹೇಳಿರುವ ಲೇಪದಲ್ಲಿ ಬಜೆ, ಲೋಧ್ರ, ಸಾಸಿವೆ, ಸೈಂಧವ ಲವಣ ಇವೆ. ಮದುವೆಗೆ ಮುಂಚೆ ಗುಜರಾತಿ ಮನೆಗಳಲ್ಲಿ ಹಚ್ಚುವ ಅರಿಶಿನದ ‘ಪೀಠಿ’ ನಮ್ಮ ಅರಿಶಿನ ಶಾಸ್ತ್ರದ ನಂಟೇ. ಗಂಧದ ಮರಕ್ಕೆ ಅಲ್ಲಿ ‘ಸುಖಡ್’ ಎನ್ನುತ್ತಾರೆ. ಜೈನ ದೇರಾಸರಗಳಲ್ಲಿ ದಿನವೂ ತೇಯುವ ಸುಖಡ್ ನಮ್ಮ ಕಡೆಯ ಕಾಡುಗಳ ಮರ. ಈ ಲೇಪಗಳಿಂದ ಎಷ್ಟು ಮೊಡವೆ ಹೋದವೋ, ಬಿಡಿ. ಅವುಗಳಲ್ಲಿ ಒಂದು ಗುಣವಿತ್ತು: ಏನು ಹಚ್ಚುತ್ತಿದ್ದೇವೆ ಎಂದು ಹಚ್ಚುವವರಿಗೆ ಗೊತ್ತಿರುತ್ತಿತ್ತು. ತೇದವರು ಅವರೇ, ಅರೆದವರೂ ಅವರೇ.

ಇನ್ನು ‘ಕೆಂಪು’. ಈ ಬಣ್ಣದ ವಿಚಾರದಲ್ಲಿ ಕನ್ನಡ ಎರಡು ಮನಸ್ಸಿನದು. ‘ಮಗು ಕೆಂಪಗಿದೆ’ ಎಂದರೆ ಹೊಗಳಿಕೆ, ‘ಮುಖ ಕೆಂಪಗಾಗಿದೆ’ ಎಂದರೆ ಸಿಟ್ಟೋ ಕಾಯಿಲೆಯೋ. ವಧೂವರರ ಜಾಹೀರಾತಿನಲ್ಲಿ ‘ಗೋಧಿ ಬಣ್ಣ’, ಮನೆಮಾತಿನಲ್ಲಿ ‘ಎಣ್ಣೆಗಪ್ಪು’ ಎಂದು ಮೈಬಣ್ಣಕ್ಕೆ ನಮ್ಮಲ್ಲಿ ಸೂಕ್ಷ್ಮವಾದ ಏಣಿಯೇ ಇದೆ. ಉರಿಯೂತದಿಂದ ಬರುವ ಕೆಂಪಿಗೆ ಮಾತ್ರ ಬೇರೆ ಪದವಿಲ್ಲ. ವೈದ್ಯರಿಗೂ ಇದರಿಂದ ತೊಂದರೆ. ಕಂದು ಚರ್ಮದ ಮೇಲೆ ಉರಿಯೂತದ ಕೆಂಪು ಪಠ್ಯಪುಸ್ತಕದ ಚಿತ್ರದಂತೆ ಕಾಣುವುದಿಲ್ಲ. ತಾಮ್ರದ ಛಾಯೆಯಾಗಿ, ಕೆಲವೊಮ್ಮೆ ಬರೀ ಕಪ್ಪಾಗಿ ಕಾಣುತ್ತದೆ. ಹಾಗಾಗಿ ಕೆಂಪು ಇಳಿಸಬೇಕು ಎಂಬ ಆಸೆಯೂ ಬೆಳ್ಳಗಾಗಬೇಕು ಎಂಬ ಆಸೆಯೂ ಅಂಗಡಿಯ ಕಟ್ಟೆಯ ಮುಂದೆ ಒಂದರೊಳಗೊಂದು ಬೆರೆತುಹೋಗುತ್ತವೆ. ಮುಂದೆ ಬರುವ ಅನಾಹುತಕ್ಕೆ ಬೇಕಾದ ನೆಲ ಇದೇ.

ಕಥೆಯ ಮೊದಲ ಮನುಷ್ಯ ಸೂರತ್ತಿನವರು. ತ್ರಿಭುವನದಾಸ್ ಕಲ್ಯಾಣದಾಸ್ ಗಜ್ಜರ್ ಹುಟ್ಟಿದ್ದು 1863ರಲ್ಲಿ, ಮರಗೆಲಸದ ಸಮುದಾಯದಲ್ಲಿ. ರಸಾಯನಶಾಸ್ತ್ರ ಓದಿ ಬರೋಡಾಕ್ಕೆ ಬಂದರು. ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ 1890ರಲ್ಲಿ ‘ಕಲಾಭವನ’ ಎಂಬ ತಾಂತ್ರಿಕ ಶಾಲೆ ಶುರುವಾದಾಗ ಅದರ ಹಿಂದಿದ್ದವರು ಇವರೇ. ಬಣ್ಣ ಹಾಕುವುದು, ಮುದ್ರಣ, ಮರಗೆಲಸ, ರಸಾಯನ ಎಲ್ಲವನ್ನೂ ಅಲ್ಲಿ ಕಲಿಸುತ್ತಿದ್ದರು. ವಿಜ್ಞಾನ ಇಂಗ್ಲಿಷಿನಲ್ಲೇ ಕೂತರೆ ಕಾರ್ಖಾನೆಯ ಕೆಲಸಗಾರನಿಗೆ ಅದರಿಂದೇನೂ ಸಿಗದು ಎಂಬುದು ಗಜ್ಜರರ ನಂಬಿಕೆ. ಅದಕ್ಕಾಗಿ ತಾಂತ್ರಿಕ ವಿಷಯಗಳನ್ನು ದೇಶಭಾಷೆಯಲ್ಲಿ ಬರೆಸುವ ಕೆಲಸಕ್ಕೂ ಕೈಹಾಕಿದರು. ಆ ಯೋಜನೆ ಅವರು ಅಂದುಕೊಂಡಷ್ಟು ದೂರ ಹೋಗಲಿಲ್ಲ.

ಗಜ್ಜರರ ಹೆಸರು ಊರೂರಿಗೆ ಹಬ್ಬಿದ್ದು ಬೇರೆಯೇ ಕಾರಣಕ್ಕೆ. 1896ರಲ್ಲಿ ಮುಂಬಯಿಯಲ್ಲಿದ್ದ ವಿಕ್ಟೋರಿಯಾ ರಾಣಿಯ ಬಿಳಿ ಅಮೃತಶಿಲೆಯ ಪ್ರತಿಮೆಗೆ ಚಾಪೇಕರ್ ಸಹೋದರರು ರಾತ್ರೋರಾತ್ರಿ ಡಾಂಬರು ಬಳಿದರು. ಅದನ್ನು ತೆಗೆಯಲು ಹಲವರು ಹೆಣಗಿದರು. ಅಮೃತಶಿಲೆ ಮೃದುವಾದ ಕಲ್ಲು. ಖಾರವಾದದ್ದನ್ನು ಹಾಕಿದರೆ ಕಲೆಯ ಜೊತೆ ಮುಖವೂ ಹೋಗುತ್ತದೆ. ಕಡೆಗೆ ಕಲ್ಲಿಗೆ ಏನೂ ಆಗದಂತೆ ಕಪ್ಪನ್ನು ಮಾತ್ರ ತೆಗೆದುಕೊಟ್ಟವರು ಗಜ್ಜರ್. ವಸಾಹತು ಕಾಲದ ರಾಜಕೀಯದಲ್ಲಿ ಅವರು ಯಾರ ಪರ ನಿಂತಂತಾಯಿತು ಎಂಬ ಪ್ರಶ್ನೆ ಇದ್ದೇ ಇದೆ. ಕೆಲಸದ ಕಷ್ಟವೇನು ಎಂಬುದನ್ನಷ್ಟೇ ನೋಡಿದರೆ, ಇಂದಿನ ಚರ್ಮವೈದ್ಯರ ಕಷ್ಟವೂ ಅದೇ: ಕಲೆ ಹೋಗಬೇಕು, ಕೆಳಗಿನ ಪದರ ಉಳಿಯಬೇಕು.

1907ರಲ್ಲಿ ಗಜ್ಜರ್, ಅವರ ಶಿಷ್ಯರಾದ ಕೋಟಿಭಾಸ್ಕರ್ ಮತ್ತು ಬಿ.ಡಿ. ಅಮೀನ್ ಸೇರಿ ಅಲೆಂಬಿಕ್ ಕೆಮಿಕಲ್ ವರ್ಕ್ಸ್ ಕಟ್ಟಿದರು. ಸ್ವದೇಶಿ ಚಳವಳಿಯ ಕಾವು ಏರಿದ್ದ ವರ್ಷಗಳವು. ಮದ್ಯಸಾರ ಮತ್ತು ಟಿಂಚರುಗಳು ಅದರ ಮೊದಲ ಸರಕು. ಅಲೆಂಬಿಕ್ ಎಂದರೆ ಬಟ್ಟಿ ಇಳಿಸುವ ಪಾತ್ರೆ, ಅರಬ್ಬಿಯ ‘ಅಲ್-ಅನ್‌ಬೀಕ್’ನಿಂದ ಬಂದ ಪದ. ನೂರು ವರ್ಷ ದಾಟಿದ ಆ ಕಂಪನಿಯಿಂದಾಗಿ ವಡೋದರಾ ಔಷಧದ ಊರಾಯಿತು.

ಇದೇ ಕಾಲದಲ್ಲಿ ಅತ್ತ ಮುಂಬಯಿಯಲ್ಲಿ ‘ಸ್ನೋ’ ಬಂದಿತ್ತು. ಅಫ್ಘಾನ್ ಸ್ನೋ ನಮ್ಮ ಅಜ್ಜಿಯರ ಕನ್ನಡಿ ಮುಂದೆಯೂ ಇತ್ತು. ‘ಸ್ನೋ ಪೌಡರ್’ ಎಂಬ ಜೋಡಿಪದ ಕನ್ನಡದಲ್ಲಿ ಶೃಂಗಾರಕ್ಕೇ ಇನ್ನೊಂದು ಹೆಸರಾಯಿತು. ಸ್ಟಿಯರಿಕ್ ಆಮ್ಲವನ್ನು ನೀರಿನಲ್ಲಿ ಕದಡಿ ಮಾಡುವ ಈ ಕ್ರೀಮು ಹಚ್ಚಿದ ಕೂಡಲೇ ಚರ್ಮದ ಮೇಲೆ ಕಾಣೆಯಾಗುತ್ತಿತ್ತು. ಕೇಡಿಲ್ಲದ ವಸ್ತು. ಆದರೆ ಬೆಳ್ಳಗಿನ, ಮೆತ್ತಗಿನ, ಪರಿಮಳದ, ಮುಖಕ್ಕೆ ಹಚ್ಚುವಂಥದ್ದೆಲ್ಲ ಒಂದೇ ಜಾತಿ ಎಂಬ ಭಾವನೆಯನ್ನು ಅದು ಬೇರೂರಿಸಿತು. 1975ರಲ್ಲಿ ಫೇರ್ ಅಂಡ್ ಲವ್ಲಿ ಬಂದಾಗ ಅದರ ಟ್ಯೂಬು ಈ ಭಾವನೆಯ ಮೇಲೆಯೇ ಕೂತಿತು. ಔಷಧದ ಟ್ಯೂಬು ಬಂದಾಗಲೂ ಅಷ್ಟೇ. ಸ್ನೋವನ್ನೂ ಔಷಧವನ್ನೂ ಬೇರೆ ಮಾಡಿ ತೋರಿಸುವ ಪದ ಜನರ ಬಾಯಲ್ಲಿ ಇರಲಿಲ್ಲ. ಎರಡೂ ಕ್ರೀಮೇ.

ಈಗ ಆ ಔಷಧಕ್ಕೆ ಬರೋಣ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಕೀಲುನೋವಿನಿಂದ ಹಾಸಿಗೆ ಹಿಡಿದಿದ್ದ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. 1950ರಲ್ಲಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಚರ್ಮವೈದ್ಯರು ಇದೇ ಕಾರ್ಟಿಸೋನನ್ನು ಮುಲಾಮಾಗಿ ಹಚ್ಚಿ ನೋಡಿದರು, ಕೆಲಸ ಮಾಡಲಿಲ್ಲ. 1952ರಲ್ಲಿ ನ್ಯೂಯಾರ್ಕಿನ ಸಲ್ಜ್‌ಬರ್ಗರ್ ಮತ್ತು ವಿಟನ್ ಅದರ ಹತ್ತಿರದ ಸಂಬಂಧಿಯಾದ ಹೈಡ್ರೋಕಾರ್ಟಿಸೋನನ್ನು ಹಚ್ಚಿದರು. ಇಸುಬು ಇಳಿಯಿತು. ಅಲ್ಲಿಯವರೆಗೆ ಗಂಧಕ, ಡಾಂಬರು, ಸ್ಯಾಲಿಸಿಲಿಕ್ ಆಮ್ಲ, ಕ್ಯಾಲಮೈನುಗಳಲ್ಲೇ ದಿನ ತಳ್ಳುತ್ತಿದ್ದ ಚರ್ಮವೈದ್ಯರಿಗೆ ಇದು ಎಂಥ ಬಿಡುಗಡೆಯಾಗಿತ್ತು ಎಂಬುದನ್ನು ಮರೆಯಬಾರದು. ಇಸುಬಿನಿಂದ, ಸೋರಿಯಾಸಿಸ್‌ನಿಂದ ನರಳುವವರಿಗೆ ಸ್ಟೀರಾಯ್ಡ್ ಮುಲಾಮು ಇಂದಿಗೂ ದೊಡ್ಡ ಆಸರೆ. ಈ ಕಥೆಯಲ್ಲಿ ಅದು ಖಳನಾಯಕನಲ್ಲ, ತಪ್ಪು ವಿಳಾಸಕ್ಕೆ ಹೋದ ಪಾರ್ಸೆಲ್ಲು.

ಮುಂದಿನ ಹತ್ತು ವರ್ಷ ರಸಾಯನಶಾಸ್ತ್ರಜ್ಞರು ಅಣುವಿಗೆ ಅಲ್ಲಿಷ್ಟು ಫ್ಲೋರಿನ್, ಇಲ್ಲಿಷ್ಟು ಬೇರೆ ಬಾಲ ಅಂಟಿಸುತ್ತ ಹೆಚ್ಚು ಹೆಚ್ಚು ಬಲದ ಸ್ಟೀರಾಯ್ಡುಗಳನ್ನು ಮಾಡಿದರು. ಯಾವುದರ ಬಲ ಎಷ್ಟು ಎಂದು ಅಳೆಯುವುದು ಹೇಗೆ? ಪ್ರತಿಯೊಂದನ್ನೂ ರೋಗಿಗಳ ಮೇಲೆ ಪ್ರಯೋಗಿಸಿ ಹೋಲಿಸುವುದು ಮುಗಿಯದ ಕೆಲಸ. 1962ರಲ್ಲಿ ಮೆಕೆಂಜಿ ಮತ್ತು ಸ್ಟೌಟನ್ ಸುಲಭದ ದಾರಿಯೊಂದನ್ನು ಪ್ರಕಟಿಸಿದರು. ಆರೋಗ್ಯವಂತರ ಮುಂಗೈ ಮೇಲೆ ಬೇರೆ ಬೇರೆ ಸ್ಟೀರಾಯ್ಡುಗಳ ಹನಿ ಇಡುವುದು, ಪ್ಲಾಸ್ಟಿಕ್ ಹಾಳೆ ಸುತ್ತಿ ರಾತ್ರಿಯಿಡೀ ಬಿಡುವುದು, ಬೆಳಗ್ಗೆ ಬಿಚ್ಚಿ ನೋಡುವುದು. ಸ್ಟೀರಾಯ್ಡ್ ಚರ್ಮದ ಸಣ್ಣ ರಕ್ತನಾಳಗಳನ್ನು ಹಿಂಡಿ ಕಿರಿದಾಗಿಸುತ್ತದೆ. ರಕ್ತ ಕಡಿಮೆಯಾದ ಜಾಗ ಬಿಳಿಚಿಕೊಳ್ಳುತ್ತದೆ. ಎಷ್ಟು ಬಿಳಿಚಿತೋ ಅಷ್ಟು ಬಲ.

ಔಷಧದ ಶಕ್ತಿಯ ಅಳತೆಗೋಲೇ ಬಿಳಿಚಿಕೊಳ್ಳುವಿಕೆ! ಪ್ರಯೋಗಾಲಯದಲ್ಲಿ ಅದು ಬರೀ ಒಂದು ಸೂಚನೆ, ಥರ್ಮಾಮೀಟರಿನ ಪಾದರಸದ ಹಾಗೆ. ಅದು ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಆದರೆ ಬೆಳ್ಳಗಾಗುವುದನ್ನೇ ಗುಣವೆಂದು ತಿಳಿದ ಸಮಾಜಕ್ಕೆ ಆ ಟ್ಯೂಬು ಬಂದಾಗ ಸೂಚನೆಯೇ ಫಲವಾಗಿಬಿಟ್ಟಿತು. ಬಲವಾದ ಟ್ಯೂಬು ಎಂದರೆ ಹೆಚ್ಚು ಬೆಳ್ಳಗಾಗಿಸುವ ಟ್ಯೂಬು ಎಂದು ಯಾರೂ ಪ್ರಚಾರ ಮಾಡಬೇಕಾಗಲಿಲ್ಲ, ಕನ್ನಡಿಯೇ ಹೇಳಿತು.

ಈ ಅಣುಗಳು ಭಾರತಕ್ಕೆ ಬಂದ ಬಾಗಿಲುಗಳಲ್ಲಿ ವಡೋದರಾ ಒಂದು. ಅಹಮದಾಬಾದಿನ ಸಾರಾಭಾಯಿ ಮನೆತನ 1943ರಲ್ಲಿ ಅಲ್ಲಿ ಸಾರಾಭಾಯಿ ಕೆಮಿಕಲ್ಸ್ ಶುರುಮಾಡಿತ್ತು. ಮುಂದೆ ಬಾಹ್ಯಾಕಾಶ ಕಾರ್ಯಕ್ರಮಕ್ಕೆ ಹೆಸರಾದ ವಿಕ್ರಮ್ ಸಾರಾಭಾಯಿ ಈ ಔಷಧ ಕಂಪನಿಯನ್ನೂ ಬೆಳೆಸಿದವರು. 1950ರ ದಶಕದಲ್ಲಿ ಅದು ಅಮೆರಿಕದ ಸ್ಕ್ವಿಬ್ ಕಂಪನಿಯೊಡನೆ ಕೈಜೋಡಿಸಿತು. ಟ್ರಯಾಮ್‌ಸಿನೋಲೋನ್ ಎಂಬ ಬಲವಾದ ಸ್ಟೀರಾಯ್ಡನ್ನು ಮಾರುಕಟ್ಟೆಗೆ ತಂದವರಲ್ಲಿ ಸ್ಕ್ವಿಬ್ ಕೂಡ ಒಂದು. ಶಿಲೀಂಧ್ರಕ್ಕೊಂದು, ಬ್ಯಾಕ್ಟೀರಿಯಕ್ಕೆರಡು, ಉರಿಯೂತಕ್ಕೆ ಸ್ಟೀರಾಯ್ಡ್ ಹೀಗೆ ನಾಲ್ಕು ಔಷಧ ಬೆರೆಸಿದ ಕೆನಾಕೂಂಬ್ ಮುಲಾಮೂ ಅದೇ ಕಂಪನಿಯದು. ರೋಗ ಯಾವುದೇ ಇರಲಿ, ನಾಲ್ಕರಲ್ಲಿ ಒಂದಾದರೂ ತಾಗುತ್ತದೆ ಎಂಬ ಈ ‘ಸರ್ವರೋಗ’ ತರ್ಕಕ್ಕೆ ಭಾರತದಲ್ಲಿ ಮುಂದೆ ಬಂದ ಸಂತಾನಕ್ಕೆ ಲೆಕ್ಕವಿಲ್ಲ. ವಿಕ್ರಮ್ ಸಾರಾಭಾಯಿ ವಡೋದರಾದಲ್ಲಿ ಇನ್ನೊಂದು ಕೆಲಸವನ್ನೂ ಮಾಡಿದರು. 1960ರಲ್ಲಿ ಆಪರೇಷನ್ಸ್ ರಿಸರ್ಚ್ ಗ್ರೂಪ್ ಎಂಬ ಸಂಸ್ಥೆ ಕಟ್ಟಿ, ಅಂಗಡಿಗಳಲ್ಲಿ ಯಾವ ಔಷಧ ಎಷ್ಟು ಖರ್ಚಾಗುತ್ತದೆ ಎಂದು ಎಣಿಸುವ ಪದ್ಧತಿಗೆ ದಾರಿ ಮಾಡಿದರು. ಯಾವ ಟ್ಯೂಬು ಎಷ್ಟು ಹೋಗುತ್ತಿದೆ ಎಂದು ಕಂಪನಿಗಳಿಗೆ ಕರಾರುವಾಕ್ಕಾಗಿ ಗೊತ್ತಾಗತೊಡಗಿತು. ಯಾಕೆ ಹೋಗುತ್ತಿದೆ ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ.

ಅಹಮದಾಬಾದಿನಲ್ಲಿ 1952ರಲ್ಲಿ ರಮಣ್‌ಭಾಯಿ ಪಟೇಲ್ ಮತ್ತು ಇಂದ್ರವದನ್ ಮೋದಿ ಕ್ಯಾಡಿಲಾ ಶುರುಮಾಡಿದರು. 1970ರ ಪೇಟೆಂಟ್ ಕಾಯಿದೆ ಔಷಧದ ಅಣುವಿಗೆ ಪೇಟೆಂಟ್ ಇಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಎಂದಿತು. ಗುಜರಾತಿನಲ್ಲಿ ಸಣ್ಣ ದೊಡ್ಡ ಔಷಧ ಕಾರ್ಖಾನೆಗಳು ಸಾಲುಸಾಲಾಗಿ ಎದ್ದವು. ಜೀವ ಉಳಿಸುವ ಔಷಧ ಬಡವರ ಕೈಗೆಟುಕಿದ್ದು ಇದರಿಂದಲೇ. ಕೈಗೆಟುಕಬಾರದ್ದು ಅಗ್ಗವಾಗಿ ಎಟುಕಿದ್ದೂ ಇದರಿಂದಲೇ. ಗಮ್ಮತ್ತಿನ ಸಂಗತಿಯೆಂದರೆ ಅಹಮದಾಬಾದಿನ ಅದೇ ಮನೆತನದ ಉದ್ಯಮದಿಂದ ಎವರ್‌ಯೂತ್ ಎಂಬ ಸೌಂದರ್ಯವರ್ಧಕಗಳ ಸಾಲೂ ಬಂತು. ಅದರ ಅಕ್ರೋಟು ಸ್ಕ್ರಬ್ ಕಾಲೇಜು ಹುಡುಗಿಯರ ಮನೆಮನೆಗೂ ಹೋಯಿತು. ಔಷಧದ ಊರು, ಸೌಂದರ್ಯದ ಊರು ಎರಡೂ ಒಂದೇ. ಅಂಗಡಿಯಲ್ಲೂ ಎರಡೂ ಒಂದೇ ಕಪಾಟು.

ಇಂಗ್ಲೆಂಡಿನಲ್ಲಿ ಗ್ಲಾಕ್ಸೊ ಕಂಪನಿಯ ಬೆಟಾಮೆಥಾಸೋನ್ ವ್ಯಾಲರೇಟ್ 1960ರ ದಶಕದ ನಡುವಿನಲ್ಲಿ ಬಂತು. ಬೆಟ್ನೊವೇಟ್ ಎಂದರೆ ಕರ್ನಾಟಕದ ಮನೆಗಳಲ್ಲೂ ಗೊತ್ತಾಗದವರಿಲ್ಲ. ಬಂದ ಕೆಲವೇ ವರ್ಷಗಳಲ್ಲಿ ಅಲ್ಲಿನ ಚರ್ಮವೈದ್ಯರಿಗೆ ಏನೋ ಎಡವಟ್ಟಾಗುತ್ತಿರುವುದು ಕಂಡಿತು. ಶೆಫೀಲ್ಡಿನ ಇಯಾನ್ ಸ್ನೆಡನ್ 1969ರಲ್ಲಿ ಬರೆದರು: ಮುಖ ಕೆಂಪಗಾಗುವ ರೊಸೇಷಿಯಾ ಎಂಬ ತೊಂದರೆಗೆ ಈ ಮುಲಾಮು ಹಚ್ಚಿದವರ ಮುಖ ಮೊದಲಿಗಿಂತ ಹೆಚ್ಚು ಕೆಂಪಾಗುತ್ತಿದೆ. ಹತ್ತು ವರ್ಷದ ನಂತರ, 1979ರಲ್ಲಿ, ಅಮೆರಿಕದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಫ್ರೋಶ್ ಇದಕ್ಕೆ ಮುಲಾಜಿಲ್ಲದ ಹೆಸರಿಟ್ಟರು: ಸ್ಟೀರಾಯ್ಡ್ ಚಟ.

ಆಗುವುದು ಹೀಗೆ. ಹಚ್ಚಿದ ಮೊದಲ ದಿನಗಳಲ್ಲಿ ರಕ್ತನಾಳಗಳು ಕುಗ್ಗಿ ಕೆಂಪು ಮಾಯವಾಗುತ್ತದೆ. ಉರಿಯೂತ ಅಡಗಿ ಮೊಡವೆ ಚಪ್ಪಟೆಯಾಗುತ್ತದೆ. ಮೇಲ್ಪದರ ತೆಳುವಾಗುತ್ತ ಬರುವುದರಿಂದ ಮುಟ್ಟಿದರೆ ನುಣುಪು. ಮೂರು ದೂರಿಗೂ ಪರಿಹಾರ. ತಿಂಗಳುಗಳು ಕಳೆದಂತೆ ಅದೇ ತೆಳುವಾದ ಚರ್ಮದ ಕೆಳಗೆ ರಕ್ತನಾಳಗಳು ಹಿಗ್ಗಿ ಕೆಂಪು ದಾರಗಳಂತೆ ಎದ್ದು ಕಾಣತೊಡಗುತ್ತವೆ. ಚರ್ಮದ ರಕ್ಷಣೆ ಕುಸಿದು ಒಂದೇ ಅಳತೆಯ ಮೊಡವೆಗಳು ಗುಂಪುಗುಂಪಾಗಿ ಏಳುತ್ತವೆ. ಕೆನ್ನೆಯ ಮೇಲೆ ಕೂದಲು ಬರುತ್ತದೆ. ಬಿಸಿಲಿಗೆ ಹೋದರೆ ಉರಿ, ಒಲೆ ಮುಂದೆ ನಿಂತರೆ ಉರಿ. ಹೆದರಿ ಟ್ಯೂಬು ಬಿಟ್ಟರೆ ಹಿಂಡಿಟ್ಟಿದ್ದ ನಾಳಗಳೆಲ್ಲ ಒಮ್ಮೆಗೇ ಸಡಿಲವಾಗಿ ಮುಖ ಬೆಂಕಿಯಾಗುತ್ತದೆ. ಎರಡು ದಿನ ತಡೆದು ಮತ್ತೆ ಹಚ್ಚಿದರೆ ತಣ್ಣಗೆ. ‘ಈ ಕ್ರೀಮು ಬಿಟ್ಟರೆ ನನ್ನ ಮುಖಕ್ಕೆ ಬೇರೇನೂ ಆಗಿಬರುವುದಿಲ್ಲ’ ಎಂಬ ತೀರ್ಮಾನಕ್ಕೆ ಬರುವುದು ಈ ಹಂತದಲ್ಲಿ. ಅನುಭವದಿಂದಲೇ ಹುಟ್ಟಿದ ತೀರ್ಮಾನವಾದ್ದರಿಂದ ಅದನ್ನು ಅಲ್ಲಗಳೆಯುವುದು ಕಷ್ಟ.

ಕ್ಲಿಗ್‌ಮನ್ ಹೆಸರು ಬಂದದ್ದರಿಂದ ಒಂದು ಮಾತು. ಮೊಡವೆಗೆ, ಚರ್ಮ ನುಣುಪಾಗುವುದಕ್ಕೆ ಇಂದು ಎಲ್ಲೆಡೆ ಹೇಳುವ ರೆಟಿನಾಯ್ಡುಗಳ ಮೂಲ, ಟ್ರೆಟಿನೋಯಿನ್, ಮೊಡವೆಗೆ ಉಪಯುಕ್ತ ಎಂದು 1969ರಲ್ಲಿ ತೋರಿಸಿದ ತಂಡ ಅವರದೇ. ಫಿಲಡೆಲ್ಫಿಯದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಚರ್ಮದ ಮೇಲೆ ಅವರು ಎರಡು ದಶಕ ನಡೆಸಿದ ಪ್ರಯೋಗಗಳು ವೈದ್ಯಕೀಯ ನೀತಿಯ ಕರಾಳ ಅಧ್ಯಾಯಗಳಲ್ಲಿ ಒಂದು. ಆ ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನ. 1975ರಲ್ಲಿ ಕ್ಲಿಗ್‌ಮನ್ ಮತ್ತು ವಿಲಿಸ್ ಚರ್ಮದ ಬಣ್ಣ ತಿಳಿಯಾಗಿಸುವ ಸೂತ್ರವೊಂದನ್ನು ಪ್ರಕಟಿಸಿದರು: ಶೇ 5 ಹೈಡ್ರೋಕ್ವಿನೋನ್, ಶೇ 0.1 ಟ್ರೆಟಿನೋಯಿನ್, ಶೇ 0.1 ಡೆಕ್ಸಾಮೆಥಾಸೋನ್. ಮೂರನೆಯದು ಸ್ಟೀರಾಯ್ಡು. ಬಂಗಿನಂಥ ಕಲೆಗಳಿಗೆ ವೈದ್ಯರ ಕಣ್ಣೆದುರು ಕೆಲವು ವಾರ ಬಳಸಬೇಕಾದ ಸೂತ್ರ ಇದು. ಇದರ ಭಾರತೀಯ ಮರಿಗಳಲ್ಲಿ ಡೆಕ್ಸಾಮೆಥಾಸೋನಿನ ಜಾಗಕ್ಕೆ ಇನ್ನೂ ಬಲವಾದ ಮೊಮೆಟಾಸೋನ್ ಬಂತು, ಹೆಸರುಗಳಲ್ಲಿ ಹೊಳಪು, ಬೆಳಕು ಬಂದವು, ಕೆಲವು ವಾರಗಳು ವರ್ಷಗಳಾದವು.

ಎಷ್ಟು ಜನರ ಮುಖ ಹೀಗಾಗಿದೆ? ದೇಶದ 12 ಕೇಂದ್ರಗಳ ಚರ್ಮವೈದ್ಯರು ಸೇರಿ ಎಣಿಸಿದರು. ಲಖನೌದ ಅಬೀರ್ ಸಾರಸ್ವತ್ ಮುಂದಾಳತ್ವದ ಆ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಮುಖದ ಚರ್ಮದ ತೊಂದರೆಯೆಂದು ಬಂದ 2926 ಜನರಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ 126 ಮಂದಿಗೆ ಅದು ಬೆಳ್ಳಗಾಗುವ ಕ್ರೀಮು, ದಿನಬಳಕೆಯ ಕ್ರೀಮು ಅಥವಾ ಗಡ್ಡ ಕೆರೆದ ಮೇಲೆ ಹಚ್ಚುವ ಲೇಪ. 104 ಮಂದಿಗೆ ಮೊಡವೆಯ ಔಷಧ. ವೈದ್ಯರಲ್ಲದವರ ಮಾತು ಕೇಳಿ ಹಚ್ಚಿದವರು 257. ಸ್ನೇಹಿತೆ, ಪಾರ್ಲರಿನಾಕೆ, ಅಂಗಡಿಯವರು, ಪಕ್ಕದ ಮನೆಯವರು. ವೈದ್ಯರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಚೀಟಿ ಬರೆಸಿಕೊಂಡು ಬಂದವರಲ್ಲೂ ಬಹುಪಾಲು ಜನ ಅದೇ ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ಕೊಂಡಿದ್ದರು. 433ರಲ್ಲಿ 392 ಮಂದಿಗೆ ಅಡ್ಡಪರಿಣಾಮ ಆಗಿತ್ತು. ಎಲ್ಲಕ್ಕಿಂತ ಹೆಚ್ಚು ಕಂಡ ಅಡ್ಡಪರಿಣಾಮ ಮೊಡವೆ. ಕೋಲ್ಕತ್ತದ ಕೌಶಿಕ್ ಲಾಹಿರಿ ಮತ್ತು ಸಂಗಡಿಗರು ಈ ಮುಖಕ್ಕೆ ‘ಸ್ಟೀರಾಯ್ಡಿನಿಂದ ಹಾಳಾದ ಮುಖ’ ಎಂದೇ ಹೆಸರಿಟ್ಟು ವರ್ಷಗಟ್ಟಲೆ ಸರ್ಕಾರದ ಬಾಗಿಲು ತಟ್ಟಿದರು.

ಚೀಟಿಯಿಲ್ಲದೆ ಇದನ್ನು ಮಾರುವಂತಿರಲಿಲ್ಲವೇ? ಇಲ್ಲೊಂದು ವ್ಯಾಕರಣದ ಸಂಗತಿ ಇದೆ. ವೈದ್ಯರ ಚೀಟಿ ಬೇಕಾದ ಔಷಧಗಳ ಪಟ್ಟಿಗೆ ಶೆಡ್ಯೂಲ್ ಎಚ್ ಎನ್ನುತ್ತಾರೆ. ಸ್ಟೀರಾಯ್ಡುಗಳ ಹೆಸರು ಅದರಲ್ಲಿತ್ತು. ಆದರೆ ಪಟ್ಟಿಯ ಕೊನೆಯ ಟಿಪ್ಪಣಿಯಲ್ಲಿ, ಮೈಮೇಲೆ ಹಚ್ಚುವ ರೂಪಗಳನ್ನು ಬಿಟ್ಟು, ಎಂಬ ಅರ್ಥದ ಮಾತೊಂದು ಸೇರಿತ್ತು. ಒಂದು ಉಪವಾಕ್ಯದ ಸಂದಿಯಲ್ಲಿ ದಶಕಗಟ್ಟಲೆ ಟ್ಯೂಬುಗಳು ಹರಿದುಹೋದವು. 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡುಗಳ ಮಟ್ಟಿಗೆ ಈ ವಿನಾಯಿತಿ ತೆಗೆದುಹಾಕಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ 328 ಮಿಶ್ರಣ ಔಷಧಗಳನ್ನು ನಿಷೇಧಿಸಿದಾಗ ಕೆಲವು ‘ಸರ್ವರೋಗ’ ಕ್ರೀಮುಗಳೂ ಹೋದವು. ಅಷ್ಟರಲ್ಲಿ ಇನ್ನೊಂದು ಹಾನಿ ಆಗಿಹೋಗಿತ್ತು. ಸೂರತ್ತಿನಂಥ ಊರುಗಳಲ್ಲಿ, ಬಟ್ಟೆ ಮಗ್ಗದ ಸೆಕೆಯಲ್ಲಿ ಹನ್ನೆರಡು ತಾಸು ನಿಂತು ಇಕ್ಕಟ್ಟಾದ ಕೋಣೆಯಲ್ಲಿ ಮಲಗುವವರಿಗೆ ಹುಳುಕಡ್ಡಿ ಬರುವುದು ಸಹಜ. ಸ್ಟೀರಾಯ್ಡ್ ಬೆರೆತ ಟ್ಯೂಬು ತುರಿಕೆಯನ್ನು ಅಡಗಿಸಿ ಶಿಲೀಂಧ್ರವನ್ನು ಬೆಳೆಸುತ್ತದೆ. ಔಷಧಕ್ಕೆ ಬಗ್ಗದ ಹುಳುಕಡ್ಡಿ ದೇಶದಾದ್ಯಂತ ಹರಡಿತು. ಆ ಶಿಲೀಂಧ್ರಕ್ಕೆ 2020ರಲ್ಲಿ ವಿಜ್ಞಾನಿಗಳಿಟ್ಟ ಹೆಸರು ಟ್ರೈಕೋಫೈಟಾನ್ ಇಂಡೋಟಿನಿಯೆ, ಅಂದರೆ ಹೆಸರಿನಲ್ಲೇ ಇಂಡಿಯಾ.

ಹಾಗಾದರೆ ಅಂಗಡಿಯ ಮುಂದೆ ನಿಂತವರು ಏನು ಕೇಳಬೇಕು? ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್ ಇದೆ, ಅಡಾಪಲೀನ್ ಎಂಬ ರೆಟಿನಾಯ್ಡ್ ಇದೆ. ಮೊಡವೆಯೂ ಕೆಂಪೂ ಎರಡೂ ಇದ್ದರೆ ಅಜೆಲಾಯಿಕ್ ಆಮ್ಲ ಇದೆ. ಇವು ಯಾವುವೂ ವಾರದಲ್ಲಿ ಕೆಲಸ ಮಾಡುವುದಿಲ್ಲ. ಎಂಟರಿಂದ ಹನ್ನೆರಡು ವಾರ ಬೇಕು. ರೆಟಿನಾಯ್ಡ್ ಹಚ್ಚಿದ ಮೊದಲ ವಾರಗಳಲ್ಲಿ ಚರ್ಮ ಸಿಪ್ಪೆ ಏಳುತ್ತದೆ, ಉರಿಯುತ್ತದೆ, ಕೆಲವರಿಗೆ ಮೊಡವೆ ಹೆಚ್ಚಾದಂತೆಯೂ ಕಾಣುತ್ತದೆ. ಗರ್ಭಿಣಿಯರು, ಗರ್ಭ ಧರಿಸಬೇಕೆಂದಿರುವವರು ಅದನ್ನು ಬಳಸಬಾರದು. ಬರೀ ಆ್ಯಂಟಿಬಯಾಟಿಕ್ ಜೆಲ್ಲನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯ ಅದಕ್ಕೆ ಒಗ್ಗಿಹೋಗುತ್ತದೆ. ಅಕ್ರೋಟಿನ ಪುಡಿಯಲ್ಲಿ ಮೊಡವೆ ಉಜ್ಜುವುದರಿಂದ ಮೊಡವೆ ಕೆರಳುತ್ತದೆಯೇ ಹೊರತು ಹೋಗುವುದಿಲ್ಲ. ಆರು ತಿಂಗಳು ತಾಳ್ಮೆ ಬೇಡುವ, ಮೊದಲ ತಿಂಗಳು ಮುಖವನ್ನು ಇನ್ನಷ್ಟು ಕೆಡಿಸಿದಂತೆ ಕಾಣುವ ಸರಿಯಾದ ಔಷಧ ಒಂದು ಕಡೆ, ನಾಳೆ ಬೆಳಗ್ಗೆಯೇ ಫಲ ತೋರಿಸುವ ಟ್ಯೂಬು ಇನ್ನೊಂದು ಕಡೆ. ಬರುವ ಭಾನುವಾರ ಮದುವೆಯಿದ್ದರೆ ಯಾವುದು ಗೆಲ್ಲುತ್ತದೆ ಎಂದು ಹೇಳಬೇಕಿಲ್ಲ.

ಟ್ಯೂಬಿನ ಮೇಲೆ ಎಚ್ಚರಿಕೆ ಇರುತ್ತದೆ, ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಸಾಸಿವೆ ಗಾತ್ರದ ಅಕ್ಷರದಲ್ಲಿ. ಸೂರತ್ತಿನ ಮಗ್ಗದಲ್ಲಿ ದುಡಿಯುವ ಒಡಿಶಾದ ಗಂಜಾಮಿನ ಹುಡುಗನಿಗೆ ಅದು ತಲುಪುವುದಿಲ್ಲ. ಅದೇ ಸೂರತ್ತಿನಲ್ಲಿ ಹುಟ್ಟಿದ ಗಜ್ಜರ್ ರಸಾಯನವನ್ನು ದೇಶಭಾಷೆಗೆ ತರಬೇಕೆಂದು ಹೊರಟು ನೂರ ಮೂವತ್ತು ವರ್ಷಗಳ ಮೇಲಾಯಿತು.

ಅಲ್ಲಿಯವರೆಗೆ ಪ್ರತ್ಯಯಗಳನ್ನು ನೋಡಬಹುದು. ಔಷಧಗಳ ಮೂಲ ಹೆಸರುಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ನಿಯಮವಿದೆ. ಒಂದೇ ಕುಲದ ಔಷಧಗಳಿಗೆ ಒಂದೇ ಬಗೆಯ ಅಂತ್ಯ, ನಮ್ಮ ವಿಭಕ್ತಿಗಳ ಹಾಗೆ. ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರು ಏನಾದರೂ ಇರಲಿ, ಅದರ ಕೆಳಗಿನ ಸಣ್ಣ ಅಕ್ಷರದ ಹೆಸರು ‘ಟಾಸೋನ್’ ಅಥವಾ ‘ಥಾಸೋನ್’ ಎಂದು ಮುಗಿದರೆ, ಮೊಮೆಟಾಸೋನ್, ಬೆಟಾಮೆಥಾಸೋನ್, ಅದು ಸ್ಟೀರಾಯ್ಡು. ‘ಬೆಟಾಸಾಲ್’ ಎಂದು ಮುಗಿದರೆ, ಕ್ಲೊಬೆಟಾಸಾಲ್, ಹ್ಯಾಲೊಬೆಟಾಸಾಲ್, ಅತಿ ಬಲದ ಸ್ಟೀರಾಯ್ಡು. ‘ಸಿನೋಲೋನ್’ ಎಂದಿದ್ದರೂ ಸ್ಟೀರಾಯ್ಡೇ. ಮುಂದೆ ವ್ಯಾಲರೇಟ್, ಫ್ಯೂರೋಯೇಟ್, ಪ್ರೊಪಿಯೊನೇಟ್ ಎಂಬ ಬಾಲ ಇರಬಹುದು, ಅದನ್ನು ಬಿಟ್ಟು ಓದಬೇಕು.

ಈಗಾಗಲೇ ತಿಂಗಳುಗಟ್ಟಲೆ ಹಚ್ಚಿಕೊಂಡವರು ಇದನ್ನು ಓದಿ ಇವತ್ತೇ ಟ್ಯೂಬು ಎಸೆಯುವುದೂ ಸರಿಯಲ್ಲ. ಒಮ್ಮೆಗೇ ಬಿಟ್ಟರೆ ಮುಖ ಕೆರಳುವ ಪರಿ ಭಯ ಹುಟ್ಟಿಸುವಂಥದ್ದು. ಬಲ ಇಳಿಸುತ್ತ, ದಿನ ಬಿಡುತ್ತ, ಬೇರೆ ಔಷಧ ಕೊಟ್ಟು ಬಿಡಿಸುವ ಕ್ರಮ ಚರ್ಮವೈದ್ಯರಿಗೆ ಗೊತ್ತು. ಅಹಮದಾಬಾದಿನ ಸಿವಿಲ್ ಆಸ್ಪತ್ರೆಯಿರಲಿ, ವಡೋದರಾದ ಸಯಾಜಿರಾವ್ ಆಸ್ಪತ್ರೆಯಿರಲಿ, ನಿಮ್ಮ ಊರಿನ ಜಿಲ್ಲಾ ಆಸ್ಪತ್ರೆಯಿರಲಿ, ಹೋಗುವಾಗ ಟ್ಯೂಬನ್ನು ಜೊತೆಗೆ ಒಯ್ಯಬೇಕು. ಖಾಲಿಯಾಗಿದ್ದರೂ ಅಡ್ಡಿಯಿಲ್ಲ. ತುದಿಯಿಂದ ಸುರುಳಿ ಸುತ್ತಿ ಹಿಂಡಿದ್ದರೆ ಬಿಚ್ಚಿ ನೇರ ಮಾಡಿಕೊಳ್ಳಬೇಕು, ಹೆಸರಿನ ಕೊನೆಯ ಅಕ್ಷರಗಳು ಆ ಮಡಿಕೆಯಲ್ಲೇ ಇರುತ್ತವೆ.